ಜಾಕಪ್ಪನ ಕೈ ನಡುಗಿದ್ದು

ಕಟ್ಟಿಕೊಂಡ ಹೆಂಡತಿ ಇನ್ನೊಬ್ಬ ಗಂಡಸಿನ ಮಾತು ಕೇಳಿ ಕಣ್ಣೀರು ಹಾಕುತ್ತಿರುವುದನ್ನು ರಾಮಕೃಷ್ಣಪ್ಪ ತನ್ನ ಮನೆಯ ಕಿಟಕಿಯ ಹೊರಗೇ ನಿಂತು ನೋಡಿದ. ಅದೂ ಹಾಡುಹಗಲು, ಭಾನುವಾರ ಮಧ್ಯಾಹ್ನ, ಹೊಸೂರು ಪಕ್ಕದ ಅವಲಪಲ್ಲಿಯ ಮುಕ್ಕಾಲು ಜನ ಊಟ ಮುಗಿಸಿ ಟಿವಿ ಮುಂದೆ ಕಾಲು ಚಾಚಿರುವ ಹೊತ್ತಿನಲ್ಲಿ. ಆ ಇನ್ನೊಬ್ಬ ಗಂಡಸು ಮನೆಯೊಳಗೆ ಇರಲಿಲ್ಲ ಅನ್ನುವುದೊಂದೇ ಸಮಾಧಾನ. ಇದ್ದದ್ದು ಅವನ ದನಿ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ, ಮನೆಮನೆಯ ಬಾಗಿಲಿನಿಂದ, ಒಂದೇ ಮೆತ್ತಗಿನ ದನಿ ಹೊರಗೆ ಬರುತ್ತಿತ್ತು. ಒಳಗೆ ಹನುಮಕ್ಕ ಚಾಪೆಯ ಮೇಲೆ ಕೂತು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಬರೀ ದನಿ ತಾನೆ ಎಂದು ಬೇರೆ ಯಾರಾದರೂ ಸುಮ್ಮನಾಗುತ್ತಿದ್ದರೇನೋ. ಆದರೆ ದನಿ ಏನು ಮಾಡಬಲ್ಲದು ಅಂತ ರಾಮಕೃಷ್ಣಪ್ಪನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಾನು ಈ ಹನುಮಕ್ಕನನ್ನು ಗೆದ್ದದ್ದೇ ದನಿಯಿಂದ ಎಂದು ಇಪ್ಪತ್ತೈದು ವರ್ಷದಿಂದ ನಂಬಿಕೊಂಡು ಬಂದ ಪ್ರಾಣಿ ಅವನು.

ಒಳಗೆ ಹೋಗದೆ, ಬಂದ ದಾರಿಯಲ್ಲೇ ತಿರುಗಿ ಟೀ ಅಂಗಡಿಯ ಕಡೆ ನಡೆದ. ಅಲ್ಲಿಯೂ ಟಿವಿ ಇತ್ತು. ಅಲ್ಲಿಯೂ ಅದೇ ದನಿ.

ಈ ಸಂಕಟದ ಬೇರು ಹೊಸೂರು ಹತ್ತಿರದ, ಕನ್ನಡ ತೆಲುಗು ತಮಿಳು ಮೂರೂ ಬೆರೆತ ಗಡಿಯೂರು ಬೇರಿಕೆಯಲ್ಲಿದೆ. ಇಪ್ಪತ್ತೈದು ವರ್ಷದ ಹಿಂದೆ ಅಲ್ಲಿ ಮುತ್ತರಾಯಪ್ಪ ಎಂಬವನು ಟೆಂಟು ಸಿನಿಮಾ ನಡೆಸುತ್ತಿದ್ದ. ಒಳ್ಳೆಯ ತಮಿಳು, ಕನ್ನಡ ಪಿಚ್ಚರುಗಳು ದೊಡ್ಡ ಊರುಗಳನ್ನು ಸುತ್ತಿ ಸವೆದು ಬರುವ ತನಕ ಟೆಂಟು ಖಾಲಿ ಹೊಡೆಯಬಾರದೆಂದು, ನಡುವಿನ ದಿನಗಳಲ್ಲಿ ಅವನು ಇಂಗ್ಲಿಷಿನ ಕುದುರೆ ಪಿಚ್ಚರು ಹಾಕಿಸುತ್ತಿದ್ದ. ಅಗಲ ಟೋಪಿ, ಸೊಂಟದಲ್ಲಿ ಪಿಸ್ತೂಲು, ದೂಳು, ಗುಂಡು. ಭಾಷೆ ಯಾರಿಗೂ ಬಾರದು. ಅದಕ್ಕೆಂದೇ ಪರದೆಯ ಪಕ್ಕದಲ್ಲಿ ಡಾಂಬರು ಡ್ರಮ್ಮೊಂದನ್ನು ಬೋರಲು ಹಾಕಿ, ಅದರ ಮೇಲೆ ಒಬ್ಬನನ್ನು ನಿಲ್ಲಿಸಿ, ಕೈಗೆ ತಗಡಿನ ಕಹಳೆ ಕೊಟ್ಟು, ಕತೆ ಹೇಳಿಸುವುದು ಪದ್ಧತಿಯಾಗಿತ್ತು. ಮಾಲೂರು ಕಡೆಯಿಂದ ಬಂದಿದ್ದ, ಎಸ್ಸೆಸ್ಸೆಲ್ಸಿ ತನಕ ಓದಿದ್ದ ರಾಮಕೃಷ್ಣಪ್ಪನಿಗೆ ಆ ಕೆಲಸ ಸಿಕ್ಕಿತು. ಇಂಗ್ಲಿಷು ಅವನಿಗೂ ಅಷ್ಟಕ್ಕಷ್ಟೆ. ಆದರೆ ಗಂಟಲು ಮಾತ್ರ ದೇವರು ಕೊಟ್ಟದ್ದು. ಜನರ ಕಡೆ ಮುಖ ಮಾಡಿ ನಿಂತು ಅವನು ಒಮ್ಮೆ ಕೂಗಿದರೆ ಸಂತೆಮಾಳದ ಎತ್ತುಗಳು ಕಿವಿ ನಿಮಿರಿಸುತ್ತಿದ್ದವು. ನಾಯಕನಿಗೆ ಯಾವಾಗಲೂ ಕನ್ನಡ. ಕಳ್ಳರಿಗೆ ಒಂದು ದಿನ ತೆಲುಗು, ಒಂದು ದಿನ ತಮಿಳು, ಇನ್ನೊಂದು ದಿನ ಕನ್ನಡವೇ. ಯಾರಿಗೂ ಬೇಜಾರಾಗಬಾರದಲ್ಲ.

ಆ ಪಿಚ್ಚರುಗಳಲ್ಲಿ ಒಂದು ಮಾತ್ರ ವರ್ಷಕ್ಕೊಮ್ಮೆ ತಪ್ಪದೆ ಬೇರಿಕೆಗೆ ಬರುತ್ತಿತ್ತು. ನದಿಯೊಂದರ ಮೇಲೆ ದಡದಿಂದ ದಡಕ್ಕೆ ಕಟ್ಟಿದ ಹಗ್ಗವನ್ನು ಹಿಡಿದೆಳೆದು ದೋಣಿ ದಾಟಿಸುವ ಒಬ್ಬ ಅಂಬಿಗನ ಕತೆ. ಊರು ಸುಲಿಯಲು ಬರುವ ಕಳ್ಳರ ಗುಂಪು ಆ ನದಿ ದಾಟಬೇಕು. ದಾಟಿಸಲಾರೆ ಎಂದು ಅಂಬಿಗ ಒಂಟಿಯಾಗಿ ನಿಲ್ಲುತ್ತಾನೆ. ಅವನಿಗೆ ಯಾವುದೋ ಇಂಗ್ಲಿಷು ಹೆಸರಿತ್ತು. ರಾಮಕೃಷ್ಣಪ್ಪ ಅವನನ್ನು ಜಾಕಪ್ಪ ಮಾಡಿದ. ನದಿಯನ್ನು ದಕ್ಷಿಣ ಪಿನಾಕಿನಿ ಮಾಡಿದ. ಕಳ್ಳರು ಕುದುರೆ ಇಳಿದು ದಡದಲ್ಲಿ ಸಾಲಾಗಿ ನಿಂತಾಗ, ಟೆಂಟಿನ ಕಂಬ ಅದುರುವಂತೆ ಕೂಗುತ್ತಿದ್ದ: "ಗಂಡ್ಸು ಅಂದ್ರೆ ಹಗ್ಗ ಕಣ್ರಲಾ! ಎಳುದಷ್ಟೂ ಬಿಗಿಯಾಯ್ತದೆ! ಬನ್ರಲಾ, ಯಾವನು ಬತ್ತೀರೋ ಬನ್ರಲಾ!" ಶಿಳ್ಳೆಗೆ ಟೆಂಟಿನ ಬಟ್ಟೆ ಹರಿಯಬೇಕು. ಎಷ್ಟೋ ತಿಂಗಳು ಬೇರಿಕೆಯ ಸಂತೆಯಲ್ಲಿ ಕುರಿ ವ್ಯಾಪಾರಕ್ಕೂ ಜಗಳಕ್ಕೂ ಅದೇ ಮಾತು ಓಡಿತು.

ಹೆಂಗಸರ ಕಡೆಯ ಮರಳಿನ ಮೇಲೆ ಗುಮ್ಮಳಾಪುರದ ಹುಡುಗಿಯೊಬ್ಬಳು ಕೂರುತ್ತಿದ್ದಳು. ಅಕ್ಕನ ಬಾಣಂತನಕ್ಕೆಂದು ಬೇರಿಕೆಗೆ ಬಂದವಳು. ಜಾಕಪ್ಪನ ಪಿಚ್ಚರು ಮೂರು ದಿನ ನಡೆದರೆ ಮೂರೂ ದಿನ ಬರುವಳು; ಬೇರೆಯವರು ಕಿರುಚಿದರೆ ಅವಳು ಕಣ್ಣು ಮಿಟುಕಿಸದೆ ಕೂತಿರುವಳು. ಡ್ರಮ್ಮಿನ ಮೇಲಿಂದ ಅದನ್ನು ಕಂಡ ರಾಮಕೃಷ್ಣಪ್ಪನಿಗೆ ಇನ್ನೇನು ಬೇಕು? ನನ್ನ ದನಿಗೆ ಹುಡುಗಿ ಕಲ್ಲಾಗಿ ಹೋಗಿದ್ದಾಳೆ ಅಂದುಕೊಂಡ. ಹಿರಿಯರನ್ನು ಕಳಿಸಿ ಕೇಳಿಸಿದ. ಅವಳು ಒಪ್ಪಿದಳು. ಅವಳೇ ಹನುಮಕ್ಕ.

ಆಮೇಲೆ ಟೆಂಟು ಎದ್ದುಹೋಯಿತು. ರಾಮಕೃಷ್ಣಪ್ಪ ಹೊಸೂರಿನ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಪ್ರೆಸ್ ಶಾಪಿಗೆ ಸೇರಿ, ಮೆಷಿನ್ನುಗಳ ಸದ್ದಿನ ಮೇಲೆ ಕೂಗಬಲ್ಲ ಒಬ್ಬನೇ ಸೂಪರ್‌ವೈಸರ್ ಎಂದು ಹೆಸರು ಮಾಡಿದ. ಕಾರ್ಖಾನೆಯವರು ಸ್ವಯಂ ನಿವೃತ್ತಿ ಕೊಟ್ಟು ಮನೆಗೆ ಕಳಿಸಿದ ಮೇಲೆ ಕೂಗಲು ಜಾಗವಿಲ್ಲದಂತಾಗಿ ಹೆಂಡತಿಯ ಮೇಲೆ, ತರಕಾರಿಯವನ ಮೇಲೆ ಕೂಗಿಕೊಂಡಿದ್ದ. ಆಗ ಕೇಬಲ್ಲಿನ ಚೆನ್ನಕೇಶವ ಅವನನ್ನು ಹುಡುಕಿಕೊಂಡು ಬಂದ. ಅವಲಪಲ್ಲಿಗೂ ಸುತ್ತಲಿನ ನಾಲ್ಕು ಬಡಾವಣೆಗೂ ಕೇಬಲ್ಲು ಎಳೆದಿದ್ದ ಚೆನ್ನಕೇಶವನಿಗೆ ತನ್ನದೇ ಒಂದು ಚಾನೆಲ್ಲಿತ್ತು. ಅದರಲ್ಲಿ ಭಾನುವಾರ ಮಧ್ಯಾಹ್ನ ಇಂಗ್ಲಿಷು ಪಿಚ್ಚರು ಹಾಕಿ, ಮೇಲೆ ನಮ್ಮೂರ ಕನ್ನಡದಲ್ಲಿ ಕತೆ ಹೇಳಿಸುವ ಯೋಚನೆ ಅವನದು. ಶನಿವಾರ ಅವನ ಕೋಣೆಯಲ್ಲಿ ಮೈಕಿನ ಮುಂದೆ ಕೂತು ಹೇಳುವುದು. ಭಾನುವಾರ ಬೇಕರಿಯ ಟಿವಿ ಮುಂದೆ ಜನರ ನಡುವೆ ಕೂತು ಕೇಳುವುದು. ಎರಡು ವರ್ಷ ರಾಮಕೃಷ್ಣಪ್ಪನದೇ ರಾಜ್ಯಭಾರ. ಬೇಕರಿಯಲ್ಲಿ ಹುಡುಗರು ಎದ್ದು ನಿಂತು ಬೆಂಚು ಬಿಡುತ್ತಿದ್ದರು.

ಹೀಗಿರುವಾಗ, ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ಚೆನ್ನಕೇಶವ ಬಂದು ಹೇಳಿದ: "ಅಣ್ಣೋ, ನಿನ್ ಜಾಕಪ್ಪ ಹೊಸದಾಗಿ ಬಂದವ್ನೆ. ಅದೇ ಕತೇನ ಈಗಿನೋರು ತಿರ್ಗ ತೆಗ್ದವ್ರೆ. ಕಲರ್ರು, ಗ್ರಾಫಿಕ್ಸು, ಸೂಪರ್ ಅದೆ."

ರಾಮಕೃಷ್ಣಪ್ಪನ ಎದೆ ಎರಡು ಇಂಚು ಅಗಲವಾಯಿತು. ಅಷ್ಟರಲ್ಲಿ ಚೆನ್ನಕೇಶವ ತಲೆ ಕೆರೆದುಕೊಂಡು, "ಒಂದು ವಿಷ್ಯ. ಇದ್ರಾಗೆ ಮಾತು ಜಾಸ್ತಿ ಅಣ್ಣ. ಅಳೋದೂ ಅದೆ. ಅದುಕ್ಕೆ ಹೀರೋನ ಮುರಳಿ ಕೈಲಿ ಹೇಳುಸ್ತೀನಿ. ನೀನು ಕಳ್ಳರ ಲೀಡರ್ ಮಾಡ್ಬುಡು, ನಿಂಗೆ ಮ್ಯಾಚ್ ಆಯ್ತದೆ" ಅಂದ.

ಮುರಳಿ ಅಂದರೆ ಹೊಸೂರು ಪೇಟೆಯ ಹಳೆಯ ಮನೆತನದವನು, ರಿಟೈರಾದ ಮೇಷ್ಟ್ರು ಸುಬ್ಬರಾಮನ ಮಗ. ಪಾಲಿಟೆಕ್ನಿಕ್ಕಿನಲ್ಲಿ ಇಂಗ್ಲಿಷು ಪಾಠ ಹೇಳುತ್ತಿದ್ದ. ಮೂವತ್ತು ದಾಟಿರದ, ಕನ್ನಡಕದ, ನಡೆದರೆ ಇರುವೆಗೂ ನೋವಾಗದ ಹುಡುಗ. ಜಾಕಪ್ಪನನ್ನು ಅವನ ಬಾಯಿಗೆ ಕೊಡುವುದೆ? ರಾಮಕೃಷ್ಣಪ್ಪ ಕಳ್ಳನಾಗಲು ಒಪ್ಪಲಿಲ್ಲ. ಪಿಚ್ಚರು ನೋಡುವುದೂ ಇಲ್ಲ ಎಂದು ಹಟ ಹಿಡಿದು ಆ ಭಾನುವಾರ ಬಿಸಿಲಲ್ಲಿ ಊರು ಸುತ್ತಲು ಹೋದ. ಸುತ್ತಿ ಸಾಕಾಗಿ ಮನೆಗೆ ಬಂದಾಗ ಕಿಟಕಿಯಲ್ಲಿ ಕಂಡದ್ದು ಹನುಮಕ್ಕನ ಕಣ್ಣೀರು.

ಸಂಜೆ ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಕೇಳಿದ: "ಅತ್ತಿದ್ಯೇನು? ಕಣ್ಣು ಕೆಂಪಗದೆ."

"ಪಾಪ, ಆ ದೋಣಿಯವ್ನು. ಆ ಕೈ ನೋಡಕ್ಕಾಗ್ಲಿಲ್ಲ" ಅಂದಳು ಹನುಮಕ್ಕ, ಮುದ್ದೆಗೆ ಎಸರಿಡುತ್ತ.

"ಮುರಳಿ ಚೆನ್ನಾಗಿ ಹೇಳುದ್ನಾ?"

"ಚೆನ್ನಾಗಿ ಹೇಳುದ್ನಂತೆ. ಆದಿಲಕ್ಷ್ಮಮ್ಮ ಹೇಳ್ತಿದ್ಲು. ಎಲ್ರೂ ಅದನ್ನೇ ಅಂತಾವ್ರೆ."

ಆದಿಲಕ್ಷ್ಮಮ್ಮ ಎದುರು ಮನೆಯವಳು. ಹೆಂಡತಿ ತನ್ನ ಮೆಚ್ಚಿಕೆಯನ್ನು ಅವಳ ಸೆರಗಿನಲ್ಲಿ ಮುಚ್ಚಿಟ್ಟು ಹೇಳುತ್ತಿದ್ದಾಳೆ ಎಂದು ರಾಮಕೃಷ್ಣಪ್ಪನಿಗೆ ಅನುಮಾನವೇ ಉಳಿಯಲಿಲ್ಲ. ಎರಡು ವರ್ಷ ನನ್ನ ಪಿಚ್ಚರು ನೋಡಿದಳಲ್ಲ, ಒಂದು ದಿನ ಕಣ್ಣು ಒದ್ದೆಯಾಗಿತ್ತೆ?

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಆ ವಾರ ಹನುಮಕ್ಕ ತಲೆಗೆ ಹೂವು ಮುಡಿದದ್ದು, ಪಾತ್ರೆ ಉಜ್ಜುತ್ತ ಏನೋ ಗುನುಗಿದ್ದು, ಬೀದಿಯಲ್ಲಿ ಸೈಕಲ್ಲಿನ ಬೆಲ್ಲಿಗೆ ತಲೆಯೆತ್ತಿದ್ದು, ಎಲ್ಲಕ್ಕೂ ರಾಮಕೃಷ್ಣಪ್ಪನಿಗೆ ಕಾರಣ ಗೊತ್ತಿತ್ತು. ನಲವತ್ತೈದರ ಹೆಂಗಸು, ಮಗನಂಥ ಹುಡುಗ, ಛೀ ಅನ್ನಿಸುತ್ತಿತ್ತು. ಅನ್ನಿಸಿದರೂ ಉರಿ ಆರುತ್ತಿರಲಿಲ್ಲ. ಅವಳು ಆ ಹುಡುಗನನ್ನು ಹಾಗೆಲ್ಲ ನೋಡುತ್ತಾಳೆ ಎಂದು ಅವನು ಅಂದುಕೊಂಡಿರಲಿಲ್ಲ, ಅಷ್ಟು ಕೆಟ್ಟವನಲ್ಲ. ತನ್ನ ಪಾಲಿನದು ಎಂದು ಇಟ್ಟುಕೊಂಡಿದ್ದ ಯಾವುದೋ ಒಂದನ್ನು ಆ ಹುಡುಗನಿಗೆ ತೆಗೆದುಕೊಟ್ಟಳಲ್ಲ, ಅದು ತಾಳಲಾಗುತ್ತಿರಲಿಲ್ಲ.

ಬುಧವಾರ ಆ ಮುರಳಿಯೇ ಮನೆಗೆ ಬಂದ. ಕೈಯಲ್ಲಿ ಒಂದು ಡಜನ್ ಮಾವಿನಹಣ್ಣು ಬೇರೆ.

"ಮಾಮ, ನಿಮ್ಮ ಆಶೀರ್ವಾದ ಬೇಕಿತ್ತು. ಬೇರಿಕೆ ಟೆಂಟಿನಲ್ಲಿ ನೀವು ಹೇಳ್ತಿದ್ದದ್ದನ್ನ ನಮ್ಮ ಅಪ್ಪ ಈಗಲೂ ನೆನೀತಾರೆ. ನೀವು ಇರುವಾಗ ನಾನು ಹೇಳಿದ್ದು ಅಧಿಕಪ್ರಸಂಗ ಆಯ್ತೇನೋ."

ಬೈಯಲು ಜಾಗವೇ ಕೊಡದ ಇಂಥ ಹುಡುಗರನ್ನು ಕಂಡರೆ ರಾಮಕೃಷ್ಣಪ್ಪನಿಗೆ ಮೈಯೆಲ್ಲ ಉರಿ. ಹನುಮಕ್ಕ ಇಬ್ಬರಿಗೂ ಕಾಫಿ ತಂದಳು. ಮುರಳಿಯ ಲೋಟದಲ್ಲಿ ನೊರೆ ಜಾಸ್ತಿ ಇತ್ತು. ರಾಮಕೃಷ್ಣಪ್ಪ ಎರಡು ಲೋಟಗಳನ್ನೂ ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡ.

"ಅಲ್ಲಪ್ಪ, ಜಾಕಪ್ಪನ್ನ ಅಳ್ಸಿದ್ಯಂತೆ. ಅಂಥ ಗಂಡ್ಸನ್ನ! ಕಳ್ರು ಎದ್ರಿಗೆ ಹಗ್ಗ ಹಿಡ್ಕೊಂಡು ಸಿಂಹದ ಥರ ನಿಂತೋನ್ನ!"

"ನಾನು ಅಳಿಸಿಲ್ಲ ಮಾಮ, ಅವರೇ ಹಾಗೆ ತೆಗೆದಿದ್ದಾರೆ" ಎಂದು ಮುರಳಿ ಮೆತ್ತಗೆ ಹೇಳಿದ. "ಹಳೇದನ್ನೂ ನಾನು ತರಿಸಿ ನೋಡಿದೆ. ಆಗಿನ ಹೀರೋಗಳು ಬೇರೆ ಥರ. ಟೋಪಿ ಕೆಳಗೆ ಮುಖ ಇಟ್ಕೊಂಡು, ಏನೇ ಆದರೂ ತುಟಿ ಬಿಚ್ಚಬಾರದು, ಅದೇ ಗಂಡಸುತನ. ಈಗ ಅದೇ ಕತೆ ಮತ್ತೆ ತೆಗೆದರೆ ಅಲ್ಲಿನ ಜನವೇ ನಂಬಲ್ಲ. ಇವನಿಗೆ ಯಾಕೆ ಭಯ ಆಗಲ್ಲ ಅಂತ ಕೇಳ್ತಾರೆ. ಅದಕ್ಕೆ ಇದರಲ್ಲಿ ಅವನಿಗೊಬ್ಬ ಮಗಳನ್ನ ಕೊಟ್ಟಿದ್ದಾರೆ. ಅವಳ ಹತ್ತಿರ ಹೇಳ್ಕೋತಾನೆ, ನಾನು ಯುದ್ಧದಿಂದ ಓಡಿಬಂದವನು, ನನಗೆ ಕೈ ನಡುಗುತ್ತೆ ಅಂತ. ಹಳೇದರಲ್ಲಿ ಇಡೀ ಪಿಚ್ಚರಿಗೆ ಅವನು ನಾಲ್ಕು ಮಾತು ಆಡಿದ್ದರೆ ಹೆಚ್ಚು."

"ಏನಂದೆ? ಜಾಕಪ್ಪ ಮಾತಾಡಲ್ವ? ಆ ಹಗ್ಗದ ಡೈಲಾಗು? ದಡದ ಮೇಲೆ ಅಷ್ಟುದ್ದ ಕೂಗ್ತಾನಲ್ಲಯ್ಯ!"

"ಅದು ನೀವು ಮಾಮ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹನುಮಕ್ಕ, "ಅಳ್ದೆ ಇನ್ನೇನ್ ಮಾಡ್ತಾನೆ? ಮನ್ಸ ಅಲ್ವಾ ಅವ್ನೂನೂ" ಅಂದಳು.

ಅಲ್ಲಿಗೆ ಮುಗಿಯಿತು. ಹೆಂಡತಿ ತನ್ನೆದುರೇ, ತನ್ನ ಮನೆಯಲ್ಲೇ, ಆ ಹುಡುಗನ ಪಕ್ಷ ಸೇರಿದಳು. "ನಗೋ ಹೆಂಗ್ಸನ್ನ ಅಳೋ ಗಂಡ್ಸನ್ನ ನಂಬಬಾರ್ದು ಅಂತ ಹಿರೀಕರು ಸುಮ್ಕೆ ಹೇಳಿಲ್ಲ" ಎಂದು ಗುಡುಗಿ, ಕಾಫಿಯನ್ನು ಅರ್ಧಕ್ಕೆ ಬಿಟ್ಟು, ಅಂಗಿ ಹಾಕಿಕೊಂಡು ನೇರ ಚೆನ್ನಕೇಶವನ ಹತ್ತಿರ ಹೋದ.

"ನೋಡ್ಲಾ ಚೆನ್ನಕೇಶವ, ಮರ್ಯಾದೆಯಾಗಿ ಆ ಪಿಚ್ಚರ್ನ ನಂಗೊಂದು ಸಲ ಕೊಡು. ಇಲ್ಲಾಂದ್ರೆ ಇವತ್ತಿಂದ ನಿನ್ ಮೈಕಿಗೊಂದು ದೊಡ್ಡ ನಮಸ್ಕಾರ."

ಚೆನ್ನಕೇಶವ ವ್ಯಾಪಾರಸ್ಥ. ಜಗಳದಲ್ಲಿ ಲಾಭ ಎಲ್ಲಿದೆ ಎಂದು ಅವನಿಗೆ ವಾಸನೆ ಹೊಡೆಯುತ್ತದೆ. ಅದೇ ಸಂಜೆ ಅವನ ಚಾನೆಲ್ಲಿನ ಕೆಳಗೆ ಅಕ್ಷರ ಓಡಿತು: ಹೋದ ವಾರ ಅತ್ತಿರಿ, ಈ ವಾರ ಶಿಳ್ಳೆ ಹೊಡೆಯಿರಿ, ಅದೇ ಚಿತ್ರ, ಬೇರಿಕೆ ಸಿಂಹ ರಾಮಕೃಷ್ಣಪ್ಪನವರ ಗರ್ಜನೆಯಲ್ಲಿ. ಹನುಮಕ್ಕ ಅದನ್ನು ಓದಿ ನಕ್ಕಳೋ ಇಲ್ಲವೋ ನೋಡಲು ರಾಮಕೃಷ್ಣಪ್ಪ ಬಾಗಿಲ ಸಂದಿಯಲ್ಲಿ ನಿಂತಿದ್ದ. ಅವಳು ಅಕ್ಕಿ ಆರಿಸುತ್ತ ಕೂತಿದ್ದಳು.

ಶನಿವಾರ ಬಿಳಿ ಪ್ಯಾಂಟು, ಕೊರಳಿಗೆ ಕೆಂಪು ಕರವಸ್ತ್ರ ಕಟ್ಟಿಕೊಂಡು ಚೆನ್ನಕೇಶವನ ಕೋಣೆಗೆ ಹೋದ. ಕಳ್ಳರ ನಾಯಕನ ಮಾತು ಹೇಳಲು ಮುರಳಿಯೇ ಬಂದು ಕೂತಿದ್ದ. ಅವನಿಗೆ ಅದಕ್ಕೂ ಬೇಸರವಿಲ್ಲ. ಟಿವಿ ಹತ್ತಿತು. ನದಿ, ಹಗ್ಗ, ದೋಣಿ. ಅಂಬಿಗ ಕಾಣಿಸಿಕೊಂಡ. ಸಣಕಲು ಮನುಷ್ಯ, ಗಡ್ಡ ಅಲ್ಲಲ್ಲಿ ನರೆತಿದೆ. ಇವನು ಜಾಕಪ್ಪನೆ! ಮೊದಲರ್ಧ ಹೇಗೋ ಸಾಗಿತು. ಕಳ್ಳರ ದೂಳು ದೂರದಲ್ಲಿ ಎದ್ದ ಕೂಡಲೇ ಅಂಬಿಗ ಎರಡೂ ಕೈಗಳನ್ನು ಕೋಟಿನ ಜೇಬಿಗೆ ತುರುಕಿಕೊಂಡ. ಜೇಬು ಒಳಗಿಂದ ಅಲುಗಾಡುತ್ತಿತ್ತು. ಮಗಳು ಬಂದು ಒಂದು ಕೈಯನ್ನು ಹೊರಗೆ ತೆಗೆದು ನೋಡಿದಳು. ಟಿವಿ ತುಂಬ ಆ ಕೈಯೊಂದೇ. ಜ್ವರ ಬಂದವನ ಕೈಯಂತೆ ನಡುಗುತ್ತಿತ್ತು.

ಅದನ್ನು ನೋಡುತ್ತ ನೋಡುತ್ತ ಗರ್ಜಿಸುವುದು ಆಗದ ಮಾತು. ರಾಮಕೃಷ್ಣಪ್ಪನಿಗೆ ತಟ್ಟನೆ ತನ್ನ ಹಳೆಯ ವರಸೆ ಜ್ಞಾಪಕಕ್ಕೆ ಬಂತು. ಕುರ್ಚಿಯನ್ನು ಎತ್ತಿ ಹಿಂದುಮುಂದಾಗಿ ಹಾಕಿಕೊಂಡ. ಟಿವಿಗೆ ಬೆನ್ನು, ಗೋಡೆಯ ಕ್ಯಾಲೆಂಡರಿಗೆ ಮುಖ. ಕಣ್ಣು ಮುಚ್ಚಿದ. ಬೇರಿಕೆಯ ಮರಳು, ಜನ, ಹೆಂಗಸರ ಕಡೆಯ ಆ ಹುಡುಗಿ ಎಲ್ಲ ಎದುರಿಗೆ ಬಂದು ಕೂತರು. ಆಮೇಲೆ ಗಂಟಲು ತಾನಾಗಿ ತೆರೆಯಿತು. "ಗಂಡ್ಸು ಅಂದ್ರೆ ಹಗ್ಗ ಕಣವ್ವ ಮಗ್ಳೇ! ನಿಮ್ಮಪ್ಪ ಹೆದ್ರೋ ಜಾತಿ ಅಲ್ಲ!"

"ಮಾಮ," ಮುರಳಿ ಮೈಕಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ, "ಇಲ್ಲಿ ಅವನು ಅಳ್ತಿದ್ದಾನೆ."

"ಅಳ್ತಿಲ್ಲ. ಕಣ್ಣಿಗೆ ದೂಳು ಬಿದ್ದದೆ. ನೀನು ನಿನ್ ಕಳ್ಳನ್ನ ನೋಡ್ಕೊ."

ಕೊನೆಯವರೆಗೂ ಅವನು ತಿರುಗಿ ನೋಡಲಿಲ್ಲ. ಚೆನ್ನಕೇಶವ ಹೆಗಲ ಮೇಲೆ ಕೈಯಿಟ್ಟು, "ಸಾಕು ಅಣ್ಣ, ಪಿಚ್ಚರ್ ಮುಗ್ದು ಹೆಸ್ರು ಬತ್ತಾ ಅವೆ" ಅಂದಾಗಲೇ ಬಾಯಿ ಮುಚ್ಚಿದ್ದು.

ಭಾನುವಾರ ಬಂತು. ರಾಮಕೃಷ್ಣಪ್ಪ ಬೇಗ ಉಂಡು, ಚೆನ್ನಕೇಶವನ ಹತ್ತಿರ ಕೆಲಸವಿದೆ ಎಂದು ಸುಳ್ಳು ಹೇಳಿ ಹೊರಟ. ಹೆಂಡತಿಯ ಪಕ್ಕದಲ್ಲಿ ಕೂತರೆ ಅವಳು ನಾಚಿಕೊಂಡು ಅಳುವುದಿಲ್ಲ. ಹೋದ ವಾರದಂತೆ ಕಿಟಕಿಯಿಂದಲೇ ನೋಡಬೇಕು. ಮುರಳಿಗೆ ಹಾಕಿದ ಕಣ್ಣೀರಿನ ಎರಡರಷ್ಟು ತನಗೆ ಬರಬೇಕು, ಅಷ್ಟೇ ಅವನಿಗೆ ಬೇಕಾದದ್ದು. ಅವಳು ಒಂದು ಸಲ ಸೆರಗನ್ನು ಮೂಗಿಗೆ ಒತ್ತಿಕೊಂಡರೆ ಸಾಕು, ಮುರಳಿಯನ್ನು ಕರೆದು ತಾನೇ ಮಾವಿನಹಣ್ಣು ಕೊಟ್ಟು ಕಳಿಸುತ್ತೇನೆ ಅಂದುಕೊಂಡ.

ಹುಣಿಸೆಮರದ ಕೆಳಗೆ ಹೊತ್ತು ಕಳೆದು, ಮಗಳು ಕೈ ಹಿಡಿಯುವ ಘಟ್ಟ ಬರುವ ಅಂದಾಜಿಗೆ ಬೀದಿಗೆ ಬಂದ. ಆಹಾ! ಪ್ರತಿ ಮನೆಯಿಂದ ತನ್ನದೇ ದನಿ. ಒಂದು ಬಾಗಿಲು ದಾಟಿದರೆ ಇನ್ನೊಂದು ಬಾಗಿಲಿನಿಂದ ಮಾತು ಮುಂದುವರಿಯುತ್ತಿತ್ತು. ಎದುರು ಮನೆ ಆದಿಲಕ್ಷ್ಮಮ್ಮನ ಟಿವಿಯಂತೂ ಬೀದಿಗೇ ಕೇಳುವಂತೆ ಅಬ್ಬರಿಸುತ್ತಿತ್ತು. ಅವಳ ಮೊಮ್ಮಕ್ಕಳು ಶಿಳ್ಳೆ ಹೊಡೆಯುತ್ತಿದ್ದವು. ರಾಮಕೃಷ್ಣಪ್ಪ ಮೀಸೆಯ ತುದಿ ಮುಟ್ಟಿಕೊಂಡು, ಬೆಕ್ಕಿನ ಹೆಜ್ಜೆ ಹಾಕಿ, ತನ್ನ ಮನೆಯ ಕಿಟಕಿಗೆ ಕಣ್ಣಿಟ್ಟ.

ಹನುಮಕ್ಕ ಅಳುತ್ತಿದ್ದಳು. ಹೋದ ವಾರಕ್ಕಿಂತ ಹೆಚ್ಚಾಗಿ, ತಡೆಯಿಲ್ಲದೆ, ಸೆರಗು ಬಾಯಿಗೆ ಒತ್ತಿಕೊಂಡು.

ಗೆದ್ದೆ! ಅವನಿಗೆ ಕುಣಿಯಬೇಕು ಅನ್ನಿಸಿತು. ಇನ್ನು ಹೊರಗೆ ನಿಲ್ಲುವುದು ಸಾಧ್ಯವಿರಲಿಲ್ಲ. ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದ. "ಹೆಂಗದೆ? ಈಗ ಹೇಳು, ಹೆಂಗದೆ?"

ಹನುಮಕ್ಕ ಕೈಯಿಂದಲೇ ಸುಮ್ಮನಿರು ಅಂದಳು. ಕಣ್ಣು ಟಿವಿಯ ಮೇಲೆಯೇ ಇತ್ತು. ಆಗ ರಾಮಕೃಷ್ಣಪ್ಪನಿಗೆ ಏನೋ ಸರಿಯಿಲ್ಲ ಅನ್ನಿಸಿತು. ಅವನ ದನಿ ಬೆನ್ನ ಹಿಂದಿನಿಂದ, ಬೀದಿಯ ಕಡೆಯಿಂದ ಬರುತ್ತಿತ್ತು. ಎದುರಿಗಿದ್ದ ಟಿವಿಯಿಂದ ಒಂದು ಪಿಸುಮಾತೂ ಇಲ್ಲ.

"ಟಿವಿ ಕೆಟ್ಟೋಯ್ತಾ? ಸೌಂಡೇ ಇಲ್ಲ."

"ಕೆಟ್ಟಿಲ್ಲ. ನಾನೇ ಆರ್ಸಿದೀನಿ."

"ನಂದು ಆರ್ಸಿದ್ಯಾ? ಮುರಳಿದಾದ್ರೆ ಕೇಳ್ತೀಯ, ನಂದಾದ್ರೆ ಆರುಸ್ತೀಯ?"

"ಅವ್ನುದ್ದೂ ಆರ್ಸೇ ನೋಡಿದ್ದು" ಅಂದಳು ಹನುಮಕ್ಕ, ಮೂಗು ಒರೆಸಿಕೊಳ್ಳುತ್ತ. "ಎಲ್ರುದ್ದೂ ಆರುಸ್ತೀನಿ. ಕತೆ ಕಣ್ಗೆ ಕಾಣ್ತಾನೇ ಅದೆ, ಯಾವನೋ ಪಕ್ಕದಾಗೆ ಕೂತ್ಕೊಂಡು ಯಾಕೆ ಹೇಳ್ಬೇಕು?"

ಒಂದು ವಾರ ಉರಿದ ಹೊಟ್ಟೆ ಗಕ್ಕನೆ ತಣ್ಣಗಾಯಿತು. ಮುರಳಿಯ ಪಾಲಿಗೂ ಏನೂ ಸಿಕ್ಕಿಲ್ಲ! ಆ ಸಂತೋಷ ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಇತ್ತು. ಆಮೇಲೆ ಬೇರೆ ಯೋಚನೆ ಬಂತು. ಎರಡು ವರ್ಷದ ಭಾನುವಾರಗಳು. ಅದಕ್ಕೂ ಹಿಂದೆ...

"ಟೆಂಟ್ನಾಗೆ? ಬೇರಿಕೆ ಟೆಂಟ್ನಾಗೆ ಕೇಳ್ತಿದ್ದಲ್ಲ? ಅಲ್ಲಾಡ್ದೆ ಕೂತ್ಕೊತಿದ್ದೆ!"

"ಅಲ್ಲಿ ಆರ್ಸಕ್ಕೆ ಬಟನ್ ಇರ್ಲಿಲ್ಲ" ಅಂದಳು ಅವಳು. ಅಂದ ಮೇಲೆ ಗಂಡನ ಮುಖ ನೋಡಿ ಸ್ವಲ್ಪ ಮೆತ್ತಗಾದಳು. "ನೀನು ನಮ್ ಕಡೆ ತಿರಿಕ್ಕಂಡು ಕೂಗ್ತಿದ್ದೆ. ಹಿಂದ್ಗಡೆ ಅವ್ನೇನು ಮಾಡ್ತಾವ್ನೆ ಅಂತ ಯಾವತ್ತು ನೋಡ್ದೆ? ಅವಾಗ್ಲೂ ಅವ್ನಿಗೆ ಹೆದ್ರಿಕೇನೆ. ಹಗ್ಗ ಹಿಡ್ಕೊಂಡು ನಿಂತಿದ್ದು ಧೈರ್ಯಕ್ಕಲ್ಲ, ಬಿಟ್ರೆ ಬಿದ್ದೋಗ್ತಿದ್ದ ಅದುಕ್ಕೆ. ಆ ಹಳೇವ್ನು ಟೋಪಿ ಕೆಳ್ಗೆ ಮುಚ್ಚಿಕ್ಕಂಡಿದ್ದ, ಇವ್ನು ತೋರುಸ್ಕೊಂಡವ್ನೆ. ಅಷ್ಟೇಯ. ಪಾಪ, ನೀನು ನೋಡಿದ್ರೆ ಅವ್ನ ಪಕ್ಕದಾಗೇ ಸಿಂಹ ಸಿಂಹ ಅಂತ ಬಡ್ಕೊತಿದ್ದೆ. ನಂಗೆ ಎದ್ದು ಬಂದು ನಿನ್ ಬಾಯಿ ಮುಚ್ಬೇಕು ಅನ್ನುಸ್ತಿತ್ತು."

ರಾಮಕೃಷ್ಣಪ್ಪ ಗೋಡೆಗೆ ಒರಗಿಕೊಂಡು ನಿಂತ. ಇಪ್ಪತ್ತೈದು ವರ್ಷ ಜೋಪಾನ ಮಾಡಿದ್ದು ಒಂದೇ ಮಾತಿಗೆ ಜಾರಿಹೋಯಿತು. ಕೇಳಬಾರದಿತ್ತು, ಆದರೂ ಕೇಳಿದ. ಅವನ ಆ ದೊಡ್ಡ ದನಿ ಎಲ್ಲಿ ಅಡಗಿತ್ತೋ.

"ಹಂಗಾದ್ರೆ ನನ್ನ ಯಾಕೆ ಒಪ್ಕೊಂಡೆ?"

ಹನುಮಕ್ಕ ಮೊದಲ ಸಲ ಟಿವಿಯಿಂದ ಕಣ್ಣು ತೆಗೆದಳು.

"ಹೆಣ್ ನೋಡಕ್ಕೆ ಗುಮ್ಮಳಾಪುರಕ್ಕೆ ಬಂದ್ಯಲ್ಲ, ನಮ್ಮಪ್ಪ ಬಾಳೆಹಣ್ಣು ಕೊಟ್ರು. ನಿನ್ ಕೈ ಏನು ನಡುಗ್ತಿತ್ತು ಅಂದ್ರೆ ಸಿಪ್ಪೆ ಸುಲಿಯಕ್ಕಾಗ್ದೆ ಸಿಪ್ಪೆ ಸಮೇತ ಬಾಯ್ಗಿಟ್ಕೊಂಡೆ. ಎಲ್ರೂ ನಕ್ರು. ನೀನು ಬಾಯ್ಬಿಡ್ದೆ ಅದನ್ನ ಅಗೀತಾ ಕೂತಿದ್ದೆ. ಟೆಂಟ್ನಾಗೆ ಬಡ್ಕೊಳೋನು ಇವ್ನೇನಾ ಅನ್ನುಸ್ತು. ಸಂಜೇಗೆ ಅಕ್ಕನ ಕೈಲಿ ಹೂಂ ಅಂತ ಹೇಳಿಕಳುಸ್ದೆ."

ರಾಮಕೃಷ್ಣಪ್ಪನಿಗೆ ಆ ಬಾಳೆಹಣ್ಣು ಮರೆತೇ ಹೋಗಿತ್ತು, ಮರೆಯಲೇಬೇಕೆಂದು ಮರೆತಿದ್ದ. ಬೀದಿಯಿಂದ ಅವನ ದನಿ ಇನ್ನೂ ಕೂಗುತ್ತಲೇ ಇತ್ತು: ಬನ್ರಲಾ, ಯಾವನು ಬತ್ತೀರೋ ಬನ್ರಲಾ!

"ಆ ಕಿಟಕಿ ಹಾಕ್ಬುಡು" ಅಂದಳು ಹನುಮಕ್ಕ. "ನೀನು ಕೂಗೋದು ಕೇಳುಸ್ತದೆ."

ಅವನು ಹೋಗಿ ಕಿಟಕಿ ಹಾಕಿದ. ಬಂದು ಚಾಪೆಯ ತುದಿಯಲ್ಲಿ, ಅವಳ ಪಕ್ಕ ಕೂತ. ಹನುಮಕ್ಕ ಆಗಲೇ ಮತ್ತೆ ಟಿವಿಯೊಳಗೆ ಮುಳುಗಿದ್ದಳು. ಅಲ್ಲಿ ಆ ಸಣಕಲು ಮನುಷ್ಯ ನಡುಗುವ ಕೈಯಿಂದ ಮಗಳ ಕೂದಲು ನೇವರಿಸುತ್ತಿದ್ದ. ಹೆಂಡತಿ ಅವನನ್ನು ನೋಡುವ ಆ ನೋಟ, ಬೇರಿಕೆಯ ಮರಳಿನ ಮೇಲಿನದೇ ನೋಟ. ರೆಪ್ಪೆ ಅಲುಗದು. ಡ್ರಮ್ಮಿನ ಮೇಲೆ ನಿಂತವನು ಅದು ತನ್ನದೆಂದುಕೊಂಡಿದ್ದ. ಅದು ಅವನ ಹೆಗಲ ಮೇಲಿಂದ ಹಾದು ಹಿಂದಿನವನಿಗೆ ಹೋಗುತ್ತಿತ್ತು. ಮುರಳಿಯ ಮೇಲೆ ಹೊತ್ತಿದ್ದೆಲ್ಲ ಏನೂ ಅಲ್ಲ ಅನ್ನುವಂಥ ಕಿಚ್ಚು ಈಗ ರಾಮಕೃಷ್ಣಪ್ಪನ ಹೊಟ್ಟೆಯಲ್ಲಿ ಎದ್ದಿತು. ಈ ಜಾಕಪ್ಪನಿಗೆ ಹೆಸರಿಟ್ಟವನು ತಾನು. ಇಪ್ಪತ್ತೈದು ವರ್ಷ ಹೊತ್ತು ತಿರುಗಿದವನು ತಾನು.

"ಇವನಿನ್ನೂ ಎಷ್ಟೊತ್ತು ಇರ್ತಾನೆ?" ಎಂದು ಕೇಳಿದ.

"ಈಗ ಸಾಯ್ತಾನೆ. ಹಗ್ಗ ಕಡ್ಕೊಂಡು ಕಳ್ಳರ ಜತೇಲಿ ನೀರಿಗೆ ಹೋಯ್ತಾನೆ. ಸುಮ್ನೆ ಕೂತ್ಕೊ."

ರಾಮಕೃಷ್ಣಪ್ಪ ಸುಮ್ಮನೆ ಕೂತ, ಅವನು ಸಾಯುವವರೆಗೂ.